ಬೀಜ ಕೊಟ್ಟ ನಾಡು ಬೆಂದ ಬಗೆ

ಘಟ್ಟ ಇಳಿದು ಮಂಗಳೂರಿನಲ್ಲಿ ಹಡಗು ಹತ್ತಿದ ಮೇಲೆ ಕಾಫಿ ಯಾವ ದಾರಿ ಹಿಡಿಯುತ್ತದೆ ಎಂದು ನಮ್ಮ ಬೆಳೆಗಾರರು ತಲೆ ಕೆಡಿಸಿಕೊಳ್ಳುವುದು ಕಡಿಮೆ. ರೇಟು ಎಷ್ಟು ನಿಂತಿತು, ದುಡ್ಡು ಯಾವಾಗ ಕೈಗೆ ಬರುತ್ತದೆ, ಇಷ್ಟು ಗೊತ್ತಾದರೆ ಸಾಕು. 2023ರ ಕೊನೆಯಲ್ಲಿ ಮಾತ್ರ ಆ ದಾರಿಯೇ ಸುದ್ದಿಯಾಯಿತು. ನವೆಂಬರ್ 19ರಂದು ‘ಗ್ಯಾಲಕ್ಸಿ ಲೀಡರ್’ ಎಂಬ ಹಡಗು ತುರ್ಕಿಯಿಂದ ಗುಜರಾತಿನ ಪಿಪಾವಾವ್ ಬಂದರಿನ ಕಡೆ ಬರುತ್ತಿದ್ದಾಗ, ಯೆಮನ್‌ನ ಹೂತಿ ಬಂಡುಕೋರರು ಹೆಲಿಕಾಪ್ಟರಿನಿಂದ ಅದರ ಮೇಲೆ ಇಳಿದು ಸಿಬ್ಬಂದಿ ಸಮೇತ ಅಪಹರಿಸಿದರು. ಆಮೇಲೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಡ್ರೋನು, ಕ್ಷಿಪಣಿಗಳು ಬೀಳತೊಡಗಿದವು. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿ ಯುರೋಪಿಗೆ ಹೋಗತೊಡಗಿದವು. ಎರಡು ವಾರದಷ್ಟು ಹೆಚ್ಚಿನ ಪ್ರಯಾಣ, ಕಂಟೈನರ್ ಬಾಡಿಗೆ ಹಲವು ಪಟ್ಟು. ಇಲ್ಲಿ ಅದು ಅರೇಬಿಕಾ ಕೊಯ್ಲಿನ ಕಾಲ, ಕಣದ ತುಂಬ ಹಣ್ಣು.

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಶೇ 70ರ ಆಸುಪಾಸು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೊರಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಅಲ್ಲಿಗೆ ಹತ್ತಿರದ ದಾರಿ ಬಾಬ್ ಅಲ್ ಮಂದಬ್ ಜಲಸಂಧಿ. ತೀರಾ ಕಿರಿದಾದ ಕಡೆ ಅದರ ಅಗಲ ಸುಮಾರು 30 ಕಿಲೋಮೀಟರ್, ಅಂದರೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಇರುವಷ್ಟು. ಒಂದು ದಡದಲ್ಲಿ ಆಫ್ರಿಕಾದ ಜಿಬೂಟಿ, ಇನ್ನೊಂದರಲ್ಲಿ ಯೆಮನ್. ಜಲಸಂಧಿಯಿಂದ ಸ್ವಲ್ಪ ಬಡಗಕ್ಕೆ, ಯೆಮನ್‌ನ ಕರಾವಳಿಯಲ್ಲಿ, ಮೋಖಾ ಎಂಬ ಹಳೆಯ ಬಂದರು ಇದೆ.

ಆ ಹೆಸರು ನಮ್ಮವರಿಗೆ ಹೊಸದಲ್ಲ. 17ನೇ ಶತಮಾನದಲ್ಲಿ ಹಜ್ ಮುಗಿಸಿ ಬಂದ ಬಾಬಾಬುಡನ್ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬುದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಕ್ಕಳಿಗೂ ಗೊತ್ತಿರುವ ಕಥೆ. ಸೊಂಟಕ್ಕೆ ಕಟ್ಟಿಕೊಂಡು ತಂದರು ಎನ್ನುವವರಿದ್ದಾರೆ, ಗಡ್ಡದಲ್ಲಿ ಎನ್ನುವವರೂ ಇದ್ದಾರೆ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬ್ಬರು ಕಾಯುತ್ತಿದ್ದುದರಿಂದ ಈ ಕಥೆಗೆ ಕಳ್ಳಸಾಗಣೆಯ ರುಚಿಯೂ ಸೇರಿಕೊಂಡಿದೆ. ಕಥೆಯಲ್ಲಿ ದಂತಕಥೆ ಎಷ್ಟೇ ಇರಲಿ, ಗಿಡದ ಮೂಲದ ಬಗ್ಗೆ ಅನುಮಾನವಿಲ್ಲ. ನಮ್ಮ ಸೀಮೆಯಲ್ಲೇ ಆರಿಸಿ ಬೆಳೆಸಿದ ಕೆಂಟ್ಸ್ ತಳಿ ಯೆಮನ್‌ನಿಂದ ಬಂದ ಕಾಫಿಯ ವಂಶದ್ದು. ಅದನ್ನು ಬಳಸಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ರೂಪಿಸಿದ ಎಸ್. 795 ಇವತ್ತಿಗೂ ಅನೇಕ ತೋಟಗಳಲ್ಲಿದೆ.

ಯೆಮನ್ ಜತೆಗಿನ ನಮ್ಮ ನಂಟು ಕಾಫಿಗಿಂತಲೂ ಹಳೆಯದು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಯೆಮನ್‌ನ ಏಡನ್ ಬಂದರಿಗೆ ಕಾಳುಮೆಣಸು, ಕಬ್ಬಿಣದ ಜತೆಗೆ ಅಡಿಕೆಯನ್ನೂ ಕಳಿಸುತ್ತಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಸಿಕ್ಕಿವೆ. ಮೆಣಸು, ಅಡಿಕೆ ಬೆಳೆದೇ ಬದುಕುವ ನಮಗೆ ಇದು ನೆನಪಿರಬೇಕಾದ ಸಂಗತಿ.

ಯೆಮನ್ ಎಂದರೆ ಮರಳುಗಾಡು ಎಂದು ನಾವು ಕಣ್ಣಿಗೆ ಕಟ್ಟಿಕೊಂಡಿದ್ದೇವೆ. ಕಾಫಿ ಬೆಳೆಯುವ ಯೆಮನ್ ಗುಡ್ಡಗಾಡು. ರಾಜಧಾನಿ ಸನಾ ಸಮುದ್ರಮಟ್ಟದಿಂದ ಸುಮಾರು 2,250 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಹರಾಜ್, ಬನಿ ಮತರ್ ಸೀಮೆಗಳಲ್ಲಿ ಬೆಟ್ಟದ ಮೈಗೆ ಕಲ್ಲುಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಜಮೀನು ಮಾಡಿ ಗಿಡ ನೆಟ್ಟಿದ್ದಾರೆ. ಹಣ್ಣನ್ನು ಪಲ್ಪಿಂಗ್ ಮಾಡುವ ಪದ್ಧತಿ ಹೆಚ್ಚಿಲ್ಲ. ಮನೆಯ ಮಾಡಿನ ಮೇಲೆ ಹರವಿ ನಮ್ಮ ಚೆರಿ ಕಾಫಿಯಂತೆ ಇಡಿಯಾಗಿಯೇ ಒಣಗಿಸುತ್ತಾರೆ. ನಾವು ಗೊಬ್ಬರದ ಗುಂಡಿಗೆ ಹಾಕುವ ಸಿಪ್ಪೆಯನ್ನು ಅವರು ಎಸೆಯುವುದಿಲ್ಲ. ಶುಂಠಿ ಸೇರಿಸಿ ಕುದಿಸಿ ‘ಕಿಶ್ರ್’ ಎಂದು ಕುಡಿಯುತ್ತಾರೆ. ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ.

ಇಂಥ ನಾಡು ಇವತ್ತು ಹಸಿವು, ಕಾಲರಾ, ಬಂದೂಕುಗಳಿಗೆ ಹೆಸರಾಗಿದ್ದು ಹೇಗೆ? ‘ಬುಡಕಟ್ಟು ಜನ, ಬಡಿದಾಡಿಕೊಳ್ಳುತ್ತಾರೆ’ ಎಂಬ ಸುಲಭದ ಉತ್ತರ ಟಿವಿಯಲ್ಲಿ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಯೆಮನ್‌ನ ಒಳಜಗಳಗಳು ಎಲ್ಲ ನಾಡುಗಳಲ್ಲೂ ಇರುವಂಥವು. ಆ ಜಗಳದ ಒಂದೊಂದು ಪಕ್ಷಕ್ಕೂ ಹೊರಗಿನ ಒಬ್ಬೊಬ್ಬ ದೊರೆ ಬಂದೂಕು ಹಂಚುತ್ತ ಹೋದದ್ದು ಅದರ ದುರದೃಷ್ಟ. ಹಂಚಿದ್ದಕ್ಕೆ ಕಾರಣ ಆ 30 ಕಿಲೋಮೀಟರ್ ನೀರು.

ಆಟೊಮನ್ ತುರ್ಕರು 1538ರಲ್ಲಿ ಬಂದು ನೂರು ವರ್ಷ ಒದ್ದಾಡಿ 1635ರ ಹೊತ್ತಿಗೆ ಕಾಲ್ತೆಗೆದರು. ಅವರನ್ನು ಓಡಿಸಿದವರು ಬೆಟ್ಟದ ಜೈದಿ ಪಂಥದ ಇಮಾಮರು. ಜೈದಿಗಳು ಶಿಯಾಗಳ ಒಂದು ಕವಲು. ಪ್ರವಾದಿಯ ವಂಶದವರೇ ಆಳಬೇಕು ಎಂಬುದು ಅವರ ನಂಬಿಕೆ. ಕರಾವಳಿ ಮತ್ತು ದಕ್ಷಿಣದ ಜನ ಹೆಚ್ಚಾಗಿ ಸುನ್ನಿಗಳು. ಬಾಬಾಬುಡನ್ ಬೀಜ ತಂದ ಕಾಲಕ್ಕೆ ಮೋಖಾ ಈ ಇಮಾಮರ ಕೈಯಲ್ಲಿತ್ತು. ಜಗತ್ತಿನ ಕಾಫಿ ವ್ಯಾಪಾರ ಹೆಚ್ಚುಕಡಿಮೆ ಅವರೊಬ್ಬರದೇ ಆಗಿತ್ತು. ಆಮೇಲೆ ಡಚ್ಚರು ಜಾವಾದಲ್ಲಿ, ಫ್ರೆಂಚರು ಕೆರಿಬಿಯನ್ ದ್ವೀಪಗಳಲ್ಲಿ ಕಾಫಿ ಬೆಳೆಸಿದರು. ಮೋಖಾದ ಗಲ್ಲಾಪೆಟ್ಟಿಗೆ ಖಾಲಿಯಾಗುತ್ತ ಬಂತು.

1839ರ ಜನವರಿ 19ರಂದು ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಹೇನ್ಸ್ ಏಡನ್ ಬಂದರನ್ನು ಗೆದ್ದುಕೊಂಡ. ಮುಂಬಯಿಯಿಂದ ಸೂಯೆಜ್‌ಗೆ ಹೋಗುವ ಉಗಿಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಕಂಪನಿಗೆ ಒಂದು ತಂಗುದಾಣ ಬೇಕಿತ್ತು, ಅಷ್ಟೇ. ಅದೇ ದಶಕದಲ್ಲಿ, 1831ರಲ್ಲಿ, ನಗರ ಸೀಮೆಯ ದಂಗೆಯ ನೆಪದಲ್ಲಿ ಅದೇ ಕಂಪನಿ ಮೈಸೂರಿನ ಆಡಳಿತವನ್ನೂ ಕೈಗೆತ್ತಿಕೊಂಡಿತ್ತು. ಇಲ್ಲಿ ಕ್ಯಾನನ್ ಎಂಬ ಬಿಳಿಯ ಬಾಬಾಬುಡನ್‌ಗಿರಿಯ ಕೆಳಗೆ ತೋಟ ಮಾಡಿದ. 1843ರಲ್ಲಿ ಗ್ರೀನ್ ಎಂಬ ಇನ್ನೊಬ್ಬ ಮಂಜರಾಬಾದಿನಲ್ಲಿ ಮಾಡಿದ. ಕಾಫಿಗೆ ಬೇಕಾದ ರಸ್ತೆ, ಕಂದಾಯ, ಕೋರ್ಟು ಒಂದೊಂದಾಗಿ ಬಂದವು. ಅವು ಪರಕೀಯರ ಲಾಭಕ್ಕೇ ಬಂದವು ಎನ್ನಿ, ಆದರೂ ಉಳಿದುಕೊಂಡವು. ಏಡನ್‌ನ ಹಿಂದಿನ ಬೆಟ್ಟನಾಡಿಗೆ ಅದೂ ಸಿಗಲಿಲ್ಲ. ಬ್ರಿಟಿಷರಿಗೆ ಬಂದರು ಸಾಕಿತ್ತು. ಹಿಂದಿನ ಸುಲ್ತಾನರಿಗೆ ವರ್ಷಾಶನ ಕೊಟ್ಟು, ಬಂದೂಕು ಕೊಟ್ಟು, ಒಬ್ಬರ ಮೇಲೊಬ್ಬರು ಕಣ್ಣಿಡುವಂತೆ ಮಾಡಿ ಕೈತೊಳೆದುಕೊಂಡರು.

ಏಡನ್ 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿತ್ತು, ಬಹುಕಾಲ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1951ರವರೆಗೆ ಅಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಧೀರೂಭಾಯಿ ಅಂಬಾನಿ ಕೆಲಸ ಕಲಿತದ್ದು ಏಡನ್‌ನ ಎ. ಬೆಸ್ ಕಂಪನಿಯಲ್ಲಿ. ಅದರ ಯಜಮಾನ ಆಂಟೊನಿನ್ ಬೆಸ್ ಅಲ್ಲಿಗೆ ಬಂದದ್ದೇ ಕಾಫಿ ವ್ಯಾಪಾರದಲ್ಲಿ.

1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಈ ನೀರಿನ ಬೆಲೆ ಇನ್ನಷ್ಟು ಏರಿತು. ತುರ್ಕರು ಮರಳಿ ಬಂದು 1872ರಲ್ಲಿ ಸನಾ ಹಿಡಿದರು. ಉತ್ತರ ತುರ್ಕರಿಗೆ, ದಕ್ಷಿಣ ಬ್ರಿಟಿಷರಿಗೆ ಎಂದು ಗೆರೆ ಎಳೆದುಕೊಂಡರು. ಒಂದು ನಾಡು ಎರಡಾದದ್ದು ಹಾಗೆ. ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕರು ಹೋದ ಮೇಲೆ ಉತ್ತರವನ್ನು ಇಮಾಮ್ ಯಾಹ್ಯಾ ಆಳಿದ. ಹೊರಗಿನ ಗಾಳಿ ಸೋಕದಂತೆ ಬಾಗಿಲು ಹಾಕಿಕೊಂಡ ಆಳ್ವಿಕೆ ಅದು. 1948ರಲ್ಲಿ ಅವನ ಕೊಲೆಯಾಯಿತು, ಮಗ ಅಹ್ಮದ್ ಬಂದ.

ಮುಂದೆ ನಡೆದದ್ದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈಗಿನ ಯುದ್ಧದ ಅಚ್ಚು ಅಲ್ಲಿದೆ. 1962ರ ಸೆಪ್ಟೆಂಬರ್‌ನಲ್ಲಿ ಅಹ್ಮದ್ ತೀರಿಕೊಂಡು ಮಗ ಬದ್ರ್ ಪಟ್ಟಕ್ಕೆ ಬಂದು ವಾರವಾಗಿತ್ತು. 26ರ ರಾತ್ರಿ ಸೇನಾಧಿಕಾರಿ ಅಬ್ದುಲ್ಲಾ ಸಲ್ಲಾಲ್‌ನ ಕಡೆಯವರು ಅರಮನೆಯ ಮೇಲೆ ಗುಂಡು ಹಾರಿಸಿ ಗಣರಾಜ್ಯ ಸಾರಿದರು. ಬದ್ರ್ ಸತ್ತನೆಂದು ರೇಡಿಯೋ ಹೇಳಿತು. ಅವನು ತಪ್ಪಿಸಿಕೊಂಡು ಬೆಟ್ಟ ಸೇರಿದ್ದ. ಗಣರಾಜ್ಯದ ಬೆನ್ನಿಗೆ ಈಜಿಪ್ಟಿನ ನಾಸರ್ ನಿಂತ. ಅವನ ಪಡೆ ಒಂದು ಹಂತದಲ್ಲಿ 70,000ಕ್ಕೆ ಮುಟ್ಟಿತು. ಇಮಾಮನ ಬೆನ್ನಿಗೆ ಸೌದಿ ಅರೇಬಿಯಾ ಹಣ ಸುರಿಯಿತು, ಬ್ರಿಟನ್ ಗುಟ್ಟಾಗಿ ನೆರವಾಯಿತು. ಸೌದಿಗೆ ಜೈದಿ ಶಿಯಾ ಇಮಾಮನ ಮೇಲೇನೂ ಪ್ರೀತಿ ಇರಲಿಲ್ಲ. 1934ರಲ್ಲಿ ಅವರಿಬ್ಬರೇ ಯುದ್ಧ ಮಾಡಿದ್ದರು. ಪಕ್ಕದಲ್ಲಿ ಗಣರಾಜ್ಯ ಹುಟ್ಟಬಾರದು ಎಂಬುದಷ್ಟೇ ಸೌದಿಯ ಲೆಕ್ಕ. ಈಜಿಪ್ಟಿನ ವಿಮಾನಗಳು ಹಳ್ಳಿಗಳ ಮೇಲೆ ವಿಷಾನಿಲದ ಬಾಂಬುಗಳನ್ನೂ ಹಾಕಿದವು. 1967ರ ಜೂನ್‌ನಲ್ಲಿ ಇಸ್ರೇಲಿನ ಕೈಲಿ ಪೆಟ್ಟು ತಿಂದ ಮೇಲೆ ನಾಸರ್ ಪಡೆ ವಾಪಸ್ ಕರೆಸಿದ. ಸನಾಕ್ಕೆ ಎಪ್ಪತ್ತು ದಿನ ಮುತ್ತಿಗೆ ಬಿದ್ದರೂ ಗಣರಾಜ್ಯ ಉಳಿಯಿತು. 1970ರಲ್ಲಿ ರಾಜಿಯಾಯಿತು. ಸತ್ತವರ ಲೆಕ್ಕ ಯಾರೂ ಸರಿಯಾಗಿ ಇಟ್ಟಿಲ್ಲ.

ಇಮಾಮರು ಹೋದರು, ಅವರ ವಂಶದ, ಪಂಥದ ಬೆಟ್ಟದ ಜನ ಎಲ್ಲಿಗೂ ಹೋಗಲಿಲ್ಲ. ಸೌದಿ ಗಡಿಗೆ ಹೊಂದಿಕೊಂಡ ಸಾದಾ ಪ್ರಾಂತ್ಯ ಅವರ ನೆಲೆ. ಹೊಸ ಗಣರಾಜ್ಯ ಆ ಕಡೆ ತಲೆ ಹಾಕಲಿಲ್ಲ.

ದಕ್ಷಿಣದ ಕಥೆ ಬೇರೆ ಬಣ್ಣದ್ದು. 1967ರ ನವೆಂಬರ್ 30ರಂದು ಬ್ರಿಟಿಷರು ಹೊರಟರು. ಅರಬ್ ಜಗತ್ತಿನ ಏಕೈಕ ಮಾರ್ಕ್ಸ್‌ವಾದಿ ರಾಜ್ಯ ಏಡನ್‌ನಲ್ಲಿ ಹುಟ್ಟಿತು. ಹೆಣ್ಣುಮಕ್ಕಳ ಓದು, ವಿವಾಹ ಕಾನೂನು ಇವುಗಳಲ್ಲಿ ಅದು ನೆರೆಹೊರೆಗಿಂತ ಎಷ್ಟೋ ಮುಂದಿತ್ತು. ಆದರೆ 1986ರ ಜನವರಿ 13ರಂದು ಪಕ್ಷದ ಪಾಲಿಟ್‌ಬ್ಯೂರೊ ಸಭೆಗೆ ಅಧ್ಯಕ್ಷ ಅಲಿ ನಾಸರ್ ಬರಲಿಲ್ಲ. ಅವನ ಅಂಗರಕ್ಷಕರು ಬಂದು, ಕುಳಿತಿದ್ದ ವಿರೋಧಿಗಳ ಮೇಲೆ ಗುಂಡು ಹಾರಿಸಿದರು. ಮುಂದಿನ ಎರಡು ವಾರದ ಕಾಳಗದಲ್ಲಿ ಸಾವಿರಾರು ಜನ ಸತ್ತರು. ಒಡೆದುಕೊಂಡ ಗುಂಪುಗಳನ್ನು ನೋಡಿದರೆ ಎಡಪಂಥದ ಒಳಗೂ ಊರು, ಕುಲದ ಲೆಕ್ಕವೇ ಗಟ್ಟಿಯಾಗಿ ಉಳಿದಿತ್ತು.

ಸೋವಿಯತ್ ಆಸರೆ ತಪ್ಪಿದ ದಕ್ಷಿಣ 1990ರ ಮೇ 22ರಂದು ಉತ್ತರದೊಂದಿಗೆ ಒಂದಾಯಿತು. ಇಡೀ ಯೆಮನ್‌ಗೆ ಅಲಿ ಅಬ್ದುಲ್ಲಾ ಸಾಲೆ ಅಧ್ಯಕ್ಷ. ಒಂದಾದ ಸಂಭ್ರಮ ಮೂರು ತಿಂಗಳೂ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಸದ್ದಾಂ ಕುವೈತಿಗೆ ನುಗ್ಗಿದ. ಇರಾಕಿನ ಮೇಲೆ ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ ಯೆಮನ್ ವಿರುದ್ಧ ಮತ ಹಾಕಿತು. ಯೆಮನ್‌ನ ನಿಲುವಿಗೆ ಸಿಟ್ಟಾದ ಸೌದಿ, ತನ್ನಲ್ಲಿ ದುಡಿಯುತ್ತಿದ್ದ ಸುಮಾರು ಎಂಟು ಲಕ್ಷ ಯೆಮನಿಗಳನ್ನು ಹೊರದಬ್ಬಿತು. ಗಲ್ಫಿನ ಹಣದಿಂದ ಒಲೆ ಉರಿಯುವ ಮನೆಗಳು ನಮ್ಮ ಕರಾವಳಿಯಲ್ಲೂ ಇವೆ. ಅವರನ್ನೆಲ್ಲ ಒಂದೇ ವರ್ಷದಲ್ಲಿ ವಾಪಸ್ ಕಳಿಸಿದರೆ ಏನಾಗಬಹುದು ಎಂದು ಯೋಚಿಸಿದರೆ ಆ ಪೆಟ್ಟಿನ ಆಳ ತಿಳಿಯುತ್ತದೆ. ಕಾಫಿ ಕಟ್ಟೆಗಳನ್ನು ಬಹಳಷ್ಟು ಕಡೆ ಆಗಲೇ ‘ಖಾತ್’ ಆಕ್ರಮಿಸಿತ್ತು. ದಿನವೂ ಅಗಿಯುವ ಅಮಲಿನ ಎಲೆ ಅದು. ಬೇಗ ಬೆಳೆಯುತ್ತದೆ, ನಗದು ಹಣ ಕೊಡುತ್ತದೆ, ನೆಲದಡಿಯ ನೀರನ್ನು ಕುಡಿದು ಹಾಕುತ್ತದೆ.

ಸಾಲೆಯಂಥ ಚಾಲಾಕಿ ಆಳುಗ ಸಿಗುವುದು ಅಪರೂಪ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ವಿರುದ್ಧ ಹೋರಾಡಿ ಮರಳಿದ ಜಿಹಾದಿಗಳನ್ನು ಬೇರೆ ಅರಬ್ ದೇಶಗಳು ಜೈಲಿಗೆ ಹಾಕಿದರೆ ಅವನು ಕೆಲಸಕ್ಕೆ ಹಚ್ಚಿದ. 1994ರಲ್ಲಿ ದಕ್ಷಿಣ ಬೇರೆಯಾಗಲು ಹೊರಟಾಗ ಅವರನ್ನೂ ಮುಂದೆ ಬಿಟ್ಟು ಏಡನ್ ಗೆದ್ದ. 2000ದ ಅಕ್ಟೋಬರ್ 12ರಂದು ಅದೇ ಏಡನ್ ಬಂದರಿನಲ್ಲಿ ಅಮೆರಿಕದ ‘ಕೋಲ್’ ಯುದ್ಧನೌಕೆಗೆ ಅಲ್ ಖೈದಾ ಸ್ಫೋಟಕ ತುಂಬಿದ ದೋಣಿ ಗುದ್ದಿಸಿ 17 ನಾವಿಕರನ್ನು ಕೊಂದಿತು. ಆಮೇಲಿನ ವರ್ಷಗಳಲ್ಲಿ ಸಾಲೆ ದಿಕ್ಕು ಬದಲಿಸಿದ. ಈಗ ಅಮೆರಿಕದಿಂದ ಹಣ, ಆಯುಧ. ಅವನ್ನು ಅವನು ಸಾದಾದ ಬೆಟ್ಟಗಳ ಮೇಲೂ ತಿರುಗಿಸಿದ.

ಸಾದಾದಲ್ಲಿ ನಡೆದದ್ದು ಇಷ್ಟು. ಸೌದಿ ಪ್ರಭಾವದ ಸಲಫಿ ಮದರಸಾಗಳು ಜೈದಿಗಳ ನಡುಮನೆಗೇ ಬಂದವು. ತಮ್ಮ ಪಂಥ ಅಳಿಯುತ್ತಿದೆ ಎಂದು ಹೆದರಿದ ಯುವಕರು 1990ರ ದಶಕದಲ್ಲಿ ಸಂಘಟನೆ ಕಟ್ಟಿದರು. ಹುಸೇನ್ ಅಲ್ ಹೂತಿ ಅದರ ನಾಯಕ. 2004ರಲ್ಲಿ ಸರ್ಕಾರಿ ಪಡೆ ಅವನನ್ನು ಕೊಂದಿತು. ಅಲ್ಲಿಂದ 2010ರವರೆಗೆ ಆರು ಸುತ್ತು ಯುದ್ಧ. ಪ್ರತಿ ಸುತ್ತಿಗೂ ಹೂತಿಗಳು ಹೆಚ್ಚಿದರು.

ಇಲ್ಲಿ ನಮ್ಮ ಬೆಟ್ಟಗಳನ್ನು ನೆನೆಯದೆ ಇರಲಾಗದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಜನರಿಗೆ ಒಕ್ಕಲೆಬ್ಬಿಸುವ ಭಯ ಕಾಡುತ್ತಿದ್ದ ಕಾಲದಲ್ಲಿ ಕಳಸ, ಶೃಂಗೇರಿ, ಕೊಪ್ಪದ ಕಾಡುಗಳಿಗೂ ನಕ್ಸಲರ ಬಂದೂಕು ಬಂತು. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸ್ ಗುಂಡಿಗೆ ಬಲಿಯಾದ. ಅದಕ್ಕೆ ಪ್ರತೀಕಾರದ ಕೊಲೆಗಳಾದವು, ಕೂಂಬಿಂಗ್ ನಡೆಯಿತು, ಎರಡು ಬಂದೂಕುಗಳ ನಡುವೆ ಕಾಡಂಚಿನ ಜನ ನಲುಗಿದರು. 2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಅದಕ್ಕೆ ಮಾತುಕತೆಯ ದಾರಿ ಮಾಡಿಕೊಟ್ಟವರು ಇಲ್ಲಿನ ನಾಗರಿಕರೇ. ಎರಡರ ಗಾತ್ರ ಹೋಲಿಸಲು ಆಗದು. ಆದರೆ ದೂರು ಮಾತ್ರ ಒಂದೇ ಜಾತಿಯದು: ಸರ್ಕಾರ ಬೆಟ್ಟಕ್ಕೆ ಬರುವುದು ಪೊಲೀಸರ ರೂಪದಲ್ಲಿ ಮಾತ್ರ. ನಮ್ಮಲ್ಲಿ ಯಾವ ಪರದೇಶವೂ ಯಾರ ಕೈಗೂ ಕ್ಷಿಪಣಿ ಕೊಡಲಿಲ್ಲ. ಅಲ್ಲಿ ಕೊಟ್ಟರು.

2011ರಲ್ಲಿ ಅರಬ್ ನಾಡುಗಳ ಜನ ಬೀದಿಗಿಳಿದಾಗ ಯೆಮನ್‌ನ ಯುವಜನರೂ ಇಳಿದರು. ತವಕ್ಕುಲ್ ಕರ್ಮಾನ್ ಎಂಬ ಪತ್ರಕರ್ತೆಗೆ ಆ ವರ್ಷ ನೊಬೆಲ್ ಶಾಂತಿ ಪುರಸ್ಕಾರ ಬಂತು. ಸಾಲೆ ಇಳಿದ, ಉಪಾಧ್ಯಕ್ಷನಾಗಿದ್ದ ಹಾದಿ ಎಂಬವನು ಅಧ್ಯಕ್ಷನಾದ. ಆದರೆ ಪದವಿ ಕಳೆದುಕೊಂಡ ಸಾಲೆ ಆರು ಯುದ್ಧ ಮಾಡಿದ್ದ ಅದೇ ಹೂತಿಗಳ ಜತೆ ಕೈಜೋಡಿಸಿದ. 2014ರ ಸೆಪ್ಟೆಂಬರ್ 21ರಂದು ಸನಾ ಅವರ ವಶವಾಯಿತು. 2015ರ ಮಾರ್ಚ್ 26ರಂದು ಸೌದಿ ನೇತೃತ್ವದ ಒಕ್ಕೂಟ ಬಾಂಬು ಹಾಕತೊಡಗಿತು. ಹೂತಿಗಳ ಹಿಂದೆ ಇರಾನ್ ನಿಂತಿತು. ಮೂರು ವರ್ಷದ ಕೂಡಿಕೆ ಮುರಿದು, 2017ರ ಡಿಸೆಂಬರ್ 4ರಂದು ಹೂತಿಗಳು ಸಾಲೆಯನ್ನು ಕೊಂದರು.

2015ರಲ್ಲಿ ಶುರುವಾದ ಆ ಯುದ್ಧದ ಮೊದಲ ವಾರಗಳಲ್ಲೇ ಭಾರತ ‘ಆಪರೇಷನ್ ರಾಹತ್’ ನಡೆಸಿತು. ಐಎನ್‌ಎಸ್ ಸುಮಿತ್ರಾ, ಮುಂಬೈ, ತರ್ಕಶ್ ನೌಕೆಗಳು ಮತ್ತು ವಿಮಾನಗಳು 4,600ಕ್ಕೂ ಹೆಚ್ಚು ಭಾರತೀಯರನ್ನು, ಅವರ ಜತೆಗೆ 41 ದೇಶಗಳ 960 ಜನರನ್ನು ಹೊರತಂದವು. ಭಾರತೀಯರಲ್ಲಿ ಕೇರಳದ ನರ್ಸುಗಳು ಬಹಳ ಮಂದಿ. ಸನಾದಲ್ಲಿ ಸಿಕ್ಕಿಬಿದ್ದಿದ್ದ ಯೆಮನಿ ಮೂಲದ ಅಮೆರಿಕನ್ ಕಾಫಿ ವ್ಯಾಪಾರಿ ಮುಖ್ತಾರ್ ಅಲ್ಖನ್‌ಶಾಲಿ ಅದೇ ದಿನಗಳಲ್ಲಿ ಕಾಫಿ ಬೀಜದ ಮಾದರಿಗಳನ್ನು ಹೊತ್ತು ಸಣ್ಣ ದೋಣಿಯಲ್ಲಿ ಮೋಖಾದಿಂದ ಜಿಬೂಟಿಗೆ ದಾಟಿದ. ಡೇವ್ ಎಗ್ಗರ್ಸ್ ಅವನ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ.

ಹೂತಿಗಳ ಆಳ್ವಿಕೆಯಲ್ಲಿ ಗಂಡಸಿನ ಜತೆಯಿಲ್ಲದೆ ಹೆಂಗಸು ಊರಿಂದೂರಿಗೆ ಹೋಗುವುದು ಕಷ್ಟ. ಪಠ್ಯಪುಸ್ತಕ ಬದಲಾಗಿದೆ, ಹುಡುಗರನ್ನು ಯುದ್ಧಕ್ಕೆ ಎಳೆದದ್ದನ್ನು ವಿಶ್ವಸಂಸ್ಥೆ ದಾಖಲಿಸಿದೆ. ಅದೇ ವಿಶ್ವಸಂಸ್ಥೆಯ ಹಲವು ಸಿಬ್ಬಂದಿಯನ್ನು 2024ರಲ್ಲಿ ಹಿಡಿದು ಕೂಡಿಹಾಕಿದರು. ದಕ್ಷಿಣದ ಮುಕಲ್ಲಾ ನಗರವನ್ನು ಒಂದು ವರ್ಷ ಅಲ್ ಖೈದಾ ಆಳಿತು. ಇತ್ತ ಹೂತಿಗಳನ್ನು ಸದೆಬಡಿಯಲು ಬಂದ ಒಕ್ಕೂಟದ ಕೈಯೂ ಶುಭ್ರವಲ್ಲ. 2016ರ ಅಕ್ಟೋಬರ್‌ನಲ್ಲಿ ಸನಾದ ಶೋಕಸಭೆಯ ಮೇಲೆ, 2018ರ ಆಗಸ್ಟ್‌ನಲ್ಲಿ ಸಾದಾದಲ್ಲಿ ಶಾಲಾ ಮಕ್ಕಳ ಬಸ್ಸಿನ ಮೇಲೆ ಅದರ ಬಾಂಬುಗಳು ಬಿದ್ದವು. ಬಸ್ಸಿನಲ್ಲಿದ್ದ 40 ಮಕ್ಕಳು ಸತ್ತರು. 2021ರ ಕೊನೆಯ ಹೊತ್ತಿಗೆ ಯುದ್ಧಕ್ಕೆ 3,77,000 ಜೀವ ಹೋಗಿರಬಹುದು ಎಂಬುದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜು. ಅವರಲ್ಲಿ ಶೇ 60ರಷ್ಟು ಜನ ಗುಂಡಿಗೆ ಸತ್ತವರಲ್ಲ. ಹಸಿವು, ರೋಗ, ಕೊಳಕು ನೀರಿಗೆ ಸತ್ತವರು. ‘ರಕ್ಷಿಸಲು’ ಬಂದ ತುರ್ಕ, ಬ್ರಿಟಿಷ್, ಈಜಿಪ್ಟ್, ಸೌದಿ ಯಾರೂ ಯೆಮನನ್ನು ತಾವು ಬಂದಾಗ ಇದ್ದುದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಬಿಟ್ಟು ಹೋಗಲಿಲ್ಲ ಎಂಬುದು ನನ್ನ ತೀರ್ಮಾನ. ಹೂತಿಗಳು ಆ ಸಾಲಿನ ಫಲ. ಅವರ ಕ್ರೌರ್ಯಕ್ಕೆ ಅದು ಕ್ಷಮೆಯಾಗದು, ಆದರೆ ಅವರನ್ನು ಆಕಾಶದಿಂದ ಉದುರಿದವರಂತೆ ತೋರಿಸುವುದು ಸುಳ್ಳು.

ಮತ್ತೆ ಕಾಫಿಗೆ ಬರೋಣ. ಸೂಯೆಜ್ ತೆರೆಯುವ ಮುನ್ನ ನಮ್ಮ ಕಾಫಿ ಹಾಯಿ ಹಡಗಿನಲ್ಲಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿತ್ತು. ಕಡಲ ತೇವಕ್ಕೆ ಊದಿ ಹಳದಿಗೆ ತಿರುಗುತ್ತಿತ್ತು. ಯುರೋಪಿನವರು ಆ ರುಚಿಗೇ ಒಗ್ಗಿದ್ದರು. ಕಾಲುವೆ ತೆರೆದು ಕಾಫಿ ಬೇಗ ತಲುಪತೊಡಗಿದಾಗ ಹಳೆಯ ರುಚಿ ಕಾಣೆಯಾಯಿತು. ಅದನ್ನು ಮರಳಿ ತರಲು ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿ ಹರವುವ ಪದ್ಧತಿ ಬಂತು. ಇವತ್ತಿನ ‘ಮಾನ್ಸೂನ್ಡ್ ಮಲಬಾರ್’ ಅದೇ. 2024ರಲ್ಲಿ ಹಡಗುಗಳು ಅದೇ ಹಳೆಯ ದಾರಿ ಹಿಡಿದವು. ಆದರೂ ಬೆಳೆಗಾರ ಮುಳುಗಲಿಲ್ಲ. ಬ್ರೆಜಿಲ್, ವಿಯೆಟ್ನಾಮ್‌ಗಳಲ್ಲಿ ಬರ ಬಿದ್ದಿತ್ತು. ಯುರೋಪಿಗೆ ಹೋಗುವ ವಿಯೆಟ್ನಾಮಿನ ರೋಬಸ್ಟಾಕ್ಕೂ ಕೆಂಪು ಸಮುದ್ರವೇ ದಾರಿಯಾಗಿತ್ತು. ನಮ್ಮ ಚೀಲಕ್ಕೆ ಹಿಂದೆಂದೂ ಕಾಣದ ರೇಟು ಬಂತು. ಆ ರೇಟಿನಲ್ಲಿ ಯೆಮನ್‌ನ ಬೆಂಕಿಯದೂ ಒಂದು ಪಾಲು ಇತ್ತು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾದರೂ ಸತ್ಯ.

2022ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಹೂತಿಗಳಿಗೂ ವಿರೋಧಿಗಳಿಗೂ ಕದನವಿರಾಮವಾಯಿತು. ಅದರ ಅವಧಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಗಿಯಿತು. ದೊಡ್ಡ ಕಾಳಗ ಮರುಕಳಿಸಲಿಲ್ಲವಾದರೂ 2025ರ ಜುಲೈಯಲ್ಲಿ ‘ಮ್ಯಾಜಿಕ್ ಸೀಸ್’, ‘ಎಟರ್ನಿಟಿ ಸಿ’ ಎಂಬ ಎರಡು ಸರಕು ಹಡಗುಗಳನ್ನು ಹೂತಿಗಳು ಕೆಂಪು ಸಮುದ್ರದಲ್ಲಿ ಮುಳುಗಿಸಿದರು. 2017ರಿಂದ ಮೋಖಾ ಬಂದರು ಹೂತಿ ವಿರೋಧಿ ಪಡೆಗಳ ಹಿಡಿತದಲ್ಲಿದೆ. ಸನಾ ಹೂತಿಗಳ ಕೈಯಲ್ಲಿದೆ. ಶಾಂತಿ ಒಪ್ಪಂದಕ್ಕೆ ಇದುವರೆಗೆ ಯಾರೂ ಸಹಿ ಹಾಕಿಲ್ಲ.